ಒದ್ದೆ ಬಟ್ಟೆಯ ತೂಕ

ಮದುವೆಯ ಪಂಕ್ತಿಯಲ್ಲಿ ಕೂತಾಗ ಪಕ್ಕದವರ ಅಂಗಿಯ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡುವ ಕೆಟ್ಟ ಚಟ ನನಗಿದೆ. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೊನ್ನೆ ಕಾಕತಿಯಲ್ಲಿ ಒಂದು ಮದುವೆಯೂಟಕ್ಕೆ ಕೂತಿದ್ದಾಗ ಬಾಜುವಿನ ಹಿರಿಯರು ನನ್ನ ಕೈಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ, "ಯಾಕ್ರೀ, ಹೋಳಗಿ ಇನ್ನೂ ಬಡಸೇ ಇಲ್ಲ, ಆಗ್ಲೇ ಕೈ ಒರಸಾಕ ನನ್ನ ಅಂಗಿ ಹಿಡದೀರಲ್ಲ?" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬೆರಳುಗಳು ಅಷ್ಟರೊಳಗೆ ತಮ್ಮ ಕೆಲಸ ಮುಗಿಸಿದ್ದವು: ದಪ್ಪ ಹತ್ತಿ, ಚದರ ಮೀಟರಿಗೆ ಇನ್ನೂರು ಗ್ರಾಂ, ನೆನೆದರೆ ಬೇಗ ಒಣಗದು. ಹೊರಗೆ ಮೋಡ ಕವಿದಿತ್ತು. ಈ ಮನುಷ್ಯ ಊರಿಗೆ ಹೋಗುವ ದಾರಿಯಲ್ಲಿ ಹಳ್ಳವೇನಾದರೂ ಇದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಊಟದುದ್ದಕ್ಕೂ ಹೊರಗಿನ ಮೋಡವನ್ನೇ ನೋಡುತ್ತಿದ್ದೆ.

ಟೀ-ಶರ್ಟಿನ ಮೇಲೆ ಅಚ್ಚು ಹಾಕಿ ಬದುಕುವವನು ಟೀ-ಶರ್ಟಿಗೇ ಹೆದರುತ್ತಾನೆ ಎಂದರೆ ಯಾರೂ ನಂಬುವುದಿಲ್ಲ. ನಾನೂ ಮೊದಲು ಹೀಗಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೆಳಗಾವಿಯ ಶಹಾಪುರದಲ್ಲಿ, ಮಗ್ಗದ ಸದ್ದು ಕೇಳುವ ಓಣಿಯೊಂದರಲ್ಲಿ, ಒಂದೂವರೆ ಖೋಲಿಯ ಅಂಗಡಿ ಹಿಡಿದಾಗ ನನ್ನಷ್ಟು ಧೈರ್ಯವಂತ ಇನ್ನೊಬ್ಬನಿರಲಿಲ್ಲ. ಮರದ ಚೌಕಟ್ಟಿಗೆ ಬಿಗಿದ ಜಾಲರಿ, ಅದರ ಮೇಲೆ ಬಣ್ಣ ಎಳೆಯುವ ರಬ್ಬರ್ ಪಟ್ಟಿ, ಗೋಡೆಗೆ ಮೂರು ಹಲಗೆ. ತಿರುಪ್ಪೂರಿನಿಂದ ಬಂದ ಬಿಳಿ ಟೀ-ಶರ್ಟುಗಳು ಆ ಮೂರು ಹಲಗೆಗಳ ಮೇಲೆ ತೂಕದ ಪ್ರಕಾರ ಕೂತಿರುತ್ತಿದ್ದವು. ಕೆಳಗೆ ತೆಳುವಾದದ್ದು, ನೂರಾ ನಲವತ್ತು ಗ್ರಾಂ, ಬೇಸಿಗೆಗೆ. ನಡುವೆ ನೂರಾ ಅರವತ್ತು, ಯಾವ ಕಾಲಕ್ಕಾದರೂ ಸರಿ ಎನ್ನುವವರಿಗೆ. ಮೇಲೆ ಇನ್ನೂರು, ಚಳಿಗೆ. ಗಿರಾಕಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಹೆಸರಲ್ಲ, ತಿಂಗಳು. ತಿಂಗಳು ಹೇಳಿದರೆ ಹಲಗೆ ತೋರಿಸುತ್ತಿದ್ದೆ. ಪಂಚಾಂಗ ಬಲ್ಲವನ ಗತ್ತು ನನಗಿತ್ತು.

ಈ ಪಂಚಾಂಗದಲ್ಲಿ ಒಂದು ದೊಡ್ಡ ತೂತಿತ್ತು. ಮಳೆಗಾಲಕ್ಕೆ ಅದರಲ್ಲಿ ಹಲಗೆಯೇ ಇರಲಿಲ್ಲ. ಮಳೆಗಾಲ ಅಂದರೆ ಥಂಡಿ, ಥಂಡಿ ಅಂದರೆ ದಪ್ಪ ಬಟ್ಟೆ ಎಂದು ಸಲೀಸಾಗಿ ಮೇಲಿನ ಹಲಗೆಗೆ ಕೈ ಹಾಕುತ್ತಿದ್ದೆ. ನಮ್ಮ ಹಿರಿಯರಿಗೆ ಇಷ್ಟು ದಡ್ಡತನ ಇರಲಿಲ್ಲ. ಮಳೆಯಲ್ಲಿ ಹೊಲಕ್ಕೆ ಹೋಗುವವನು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದ. ಉಣ್ಣೆಯ ಕಂಬಳಿ ಮಳೆಯನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತದೆ. ಹತ್ತಿ ಹಾಗಲ್ಲ. ಒಳಗೆ ಕರೆದು, ಮಣೆ ಹಾಕಿ, ಹೋಗುವುದೇ ಬೇಡ ಎನ್ನುತ್ತದೆ. ಬಟ್ಟೆ ದಪ್ಪವಾದಷ್ಟೂ ಮನೆ ದೊಡ್ಡದು, ಬೀಗರು ಹೆಚ್ಚು. ಇನ್ನು ಮಳೆಯಲ್ಲೂ ಜಾತಿಗಳುಂಟು. ಬೆಳಗಾವಿಯ ಮಳೆ ಬಂದು ಹೋಗುವ ನೆಂಟ. ಅಲ್ಲಿಂದ ಒಂದು ತಾಸಿನ ದಾರಿಯ ಖಾನಾಪುರದ ಮಳೆ, ಆಷಾಢದಲ್ಲಿ ಬಂದರೆ ಬಾಡಿಗೆಗೇ ಇಳಿದುಬಿಡುತ್ತದೆ.

ಆ ಖಾನಾಪುರದಿಂದಲೇ ನನ್ನ ಅಂಗಡಿಗೆ ಒಂದು ಜೂನ್ ತಿಂಗಳಲ್ಲಿ ಪಾಟೀಲ ಮಾಸ್ತರ್ರು ಬಂದರು. ಸಾಲೆಯಲ್ಲಿ ವ್ಯಾಯಾಮ ಕಲಿಸುವವರು; ಮಾತೂ ಸೀಟಿಯಂತೆ ಚೊಕ್ಕ. ಮಳೆಗಾಲದಲ್ಲಿ ಮಲಪ್ರಭೆ ಏರಿದಾಗ ನದಿಯ ಘಾಟಿನ ಮೆಟ್ಟಿಲಲ್ಲಿ ಕಾಲು ಜಾರಿದವರನ್ನು ಹಿಡಿಯಲು ಊರಿನ ಈಜುಗಾರರದೊಂದು ತಂಡ ಕಟ್ಟಿದ್ದರು. ಇಪ್ಪತ್ತು ಜನ. ಅವರಿಗೆ ಎದೆಯ ಮೇಲೆ 'ಸ್ವಯಂಸೇವಕ' ಎಂದು ಬರೆದ ಟೀ-ಶರ್ಟು ಬೇಕಿತ್ತು.

"ತೆಳ್ಳಂದ ಕೊಡ್ರಿ, ಸಾವಕಾರ್ರ. ನೀರಿನ ಕೆಲಸ," ಎಂದರು ಮಾಸ್ತರ್ರು.

"ಮಾಸ್ತರ, ಆಷಾಢದಾಗ ನಿಮ್ಮ ಊರಾಗ ಎಮ್ಮಿ ಸುದ್ದಾ ನಡಗ್ತಾವ. ತೆಳ್ಳಂದ ಹಾಕ್ಕೊಂಡ್ರ ನಿಮ್ಮ ಹುಡುಗ್ರು ಬ್ಯಾರೇದವ್ರನ್ನ ಉಳಸೂ ಮೊದ್ಲ ತಾವ ಹಾಸಗಿ ಹಿಡೀತಾರ. ದಪ್ಪಂದ ಒಯ್ರಿ. ತುಂಬ ತೋಳಿಂದು. ಕೊರಳಪಟ್ಟಿ ನೋಡ್ರಿ, ಎರಡು ಹೊಲಗಿ, ಎತ್ತು ಹಿಡದು ಜಗ್ಗಿದ್ರೂ ಹರಿಯೂದಿಲ್ಲ."

"ನಿಮಗ ಗೊತ್ತಿರತೈತಿ ಬಿಡ್ರಿ," ಎಂದು ಮಾಸ್ತರ್ರು ಒಪ್ಪಿದರು.

ಈಗ ಒಂದು ಮಾತನ್ನು ಸರಿಯಾಗಿ ಬರೆಯಬೇಕು. ಥಂಡಿಯ ಮಾತು ಸುಳ್ಳಲ್ಲ, ಆದರೆ ನಿಜವಾದ ಕಾರಣ ಅದಲ್ಲ. ತೆಳುವಾದ ಬಟ್ಟೆಯ ಮೇಲೆ ನನ್ನ ಅಕ್ಷರ ನಿಲ್ಲುತ್ತಿರಲಿಲ್ಲ. ಬಣ್ಣ ಅಂಚು ಬಿಟ್ಟು ಹರಿಯುತ್ತಿತ್ತು. 'ಸ್ವ' ಅಕ್ಷರದ ಕೆಳಗಿನ ಒತ್ತು ತುಂಬಿಕೊಂಡು ಕೆಂಪು ಮಚ್ಚೆಯಾಗುತ್ತಿತ್ತು. ಇನ್ನೂರು ಗ್ರಾಂನ ಬಟ್ಟೆಯ ಮೇಲೆ ಅದೇ ಒತ್ತು ಕೆತ್ತಿದ ಹಾಗೆ ಕೂರುತ್ತದೆ. ಇಪ್ಪತ್ತು ಎದೆಗಳ ಮೇಲೆ ನನ್ನ ಅಕ್ಷರ ಚೆಂದ ಕಾಣಬೇಕಿತ್ತು. ಅಷ್ಟೇ.

ಜುಲೈನ ಒಂದು ಬೆಳಿಗ್ಗೆ ಟೀ-ಶರ್ಟುಗಳ ರಟ್ಟಿನ ಡಬ್ಬಿಯೊಂದಿಗೆ ನಾನೇ ಖಾನಾಪುರಕ್ಕೆ ಹೋದೆ. ಕಳಿಸಿಕೊಡಬಹುದಿತ್ತು. ಹೋದದ್ದು ಅಕ್ಷರ ನೋಡಲು. ಜಿನುಗು ಮಳೆ. ನದಿ ತುಂಬಿರಲಿಲ್ಲ, ಆದರೆ ಕೆಂಪಗಾಗಿ ವೇಗವಾಗಿ ಹರಿಯುತ್ತಿತ್ತು. ಘಾಟಿನ ಕಲ್ಲಿನ ಮೇಲೆ ಗಂಗವ್ವ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಊರಿನ ಅರ್ಧ ಮನೆಗಳ ಬಟ್ಟೆ ಅವಳ ಕೈಯಲ್ಲೇ. ಟೀ-ಶರ್ಟು ಹಾಕಿಕೊಂಡು ನಿಂತವರನ್ನು ನೋಡಿ ನನ್ನ ಕಡೆ ತಿರುಗಿದಳು.

"ಏನ್ರೀ ಸಾವಕಾರ್ರ, ಚಾದರಕ್ಕ ತೋಳ ಹಚ್ಚಿ ತಂದೀರಿ?"

"ಗಟ್ಟಿ ಬಟ್ಟಿ, ಯವ್ವಾ."

"ಒಣಗಿದ್ದಾಗ ಎಲ್ಲಾರೂ ಗಟ್ಟೀನ. ತೊಯ್ಸಿ ಎತ್ತಿ ನೋಡ್ರಿ, ಆಮ್ಯಾಲೆ ಹೇಳ್ರಿ."

ಎಲ್ಲರೂ ನಕ್ಕರು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಅಂದಿನ ತಾಲೀಮಿನಲ್ಲಿ ಮೊದಲು ಈಜಿ ತೋರಿಸಬೇಕಾದವನು ಹತ್ತಿರದ ಪಾರಿಶ್ವಾಡದ ರುದ್ರಪ್ಪ, ಇಪ್ಪತ್ತೈದು ದಾಟಿದ ರೈತ, ತಂಡದಲ್ಲೇ ಎಲ್ಲರಿಗಿಂತ ಚೆನ್ನಾಗಿ ಈಜುವವನು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆಚೆ ದಂಡೆ ಮುಟ್ಟಿ ಬರುವುದು; ದಂಡೆಯ ಮೇಲೆ ಮಾಸ್ತರ್ರು ಮತ್ತು ನಾಲ್ವರು ಹಗ್ಗ ಹಿಡಿದಿರುವುದು. ದಂಡೆಯಲ್ಲಿ ಒಬ್ಬ ಫೋಟೋದವನೂ ಇದ್ದ. ರುದ್ರಪ್ಪ ಟೀ-ಶರ್ಟಿನೊಂದಿಗೇ ನೀರಿಗಿಳಿದ.

ಆಮೇಲಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಅರ್ಧ ನದಿಯವರೆಗೆ ಅವನು ಹಗುರಾಗಿ ಹೋದ. ಅಲ್ಲಿಂದ ಅವನ ಕೈಗಳು ನೀರಿನಿಂದ ಮೇಲೇಳುವುದು ನಿಧಾನವಾಯಿತು. ಬಲಗೈ ಎದ್ದಾಗ ತೋಳಿನ ಬಟ್ಟೆ ನೀರು ತುಂಬಿದ ಚೀಲದ ಹಾಗೆ ಜೋತಿತ್ತು. ಎರಡು ಸಲ ಎತ್ತಿದ. ಮೂರನೆಯ ಸಲ ಕೈ ಪೂರ್ತಿ ಮೇಲೆ ಬರಲಿಲ್ಲ. ಅವನು ಈಜುವುದನ್ನು ನಿಲ್ಲಿಸಿ, ಬೆನ್ನ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದು ತಲೆಯ ಮೇಲಿಂದ ಎಳೆದ. ಸೊಂಟದ ಹಗ್ಗವನ್ನು ಟೀ-ಶರ್ಟಿನ ಮೇಲೆಯೇ ಕಟ್ಟಿದ್ದರು. ಅಂಚು ಹಗ್ಗದೊಳಗೆ ಸಿಕ್ಕಿತ್ತು. ಮೇಲಿನ ಬಟ್ಟೆ ಮಾತ್ರ ಬಂತು, ಬಂದು ಮುಖದ ಮೇಲೆ ಕೂತಿತು. ಎರಡೂ ಕೈಗಳು ತಲೆಯ ಮೇಲೆ ತೋಳಿನೊಳಗೆ ಸಿಕ್ಕಿಕೊಂಡವು. ನೀರಿನಲ್ಲಿ ಮುಖವಿಲ್ಲದ ಒಂದು ಬಿಳಿ ಗಂಟು ತಿರುಗುತ್ತಿತ್ತು. ಬಾಯಿ ಇರಬೇಕಾದಲ್ಲಿ ಬಟ್ಟೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

"ಜಗ್ರಿ! ಜಗ್ರಿ!" ಎಂದು ಮಾಸ್ತರ್ರು ಕೂಗಿದರು. ಐದು ಜನ ಹಗ್ಗ ಎಳೆದರು. ಒಂದು ನಿಮಿಷವೂ ಹಿಡಿಯಲಿಲ್ಲವೆಂದು ಆಮೇಲೆ ಹೇಳಿದರು. ನನಗೆ ಈಜು ಬಾರದು. ನಾನು ಏನು ಮಾಡಿದೆನೆಂದರೆ, ಕೊಡೆ ಹಿಡಿದು ನಿಂತೆ. ಅದನ್ನು ಮಡಚಲೂ ಇಲ್ಲ. ಒಬ್ಬ ಮನುಷ್ಯ ನನ್ನ ಬಟ್ಟೆಯೊಳಗೆ ಉಸಿರು ಕಟ್ಟುತ್ತಿದ್ದಾಗ ನನ್ನ ತಲೆ ನೆನೆಯಲಿಲ್ಲ.

ದಂಡೆಗೆ ತಂದಾಗ ಬಟ್ಟೆ ಅಲುಗುತ್ತಿರಲಿಲ್ಲ. ಇಬ್ಬರು ಕೊರಳಪಟ್ಟಿ ಹಿಡಿದು ಜಗ್ಗಿದರು. ಎರಡು ಹೊಲಿಗೆ, ಹರಿಯಲಿಲ್ಲ. ಗಂಗವ್ವ ಅವರನ್ನು ಆಚೆ ತಳ್ಳಿ, ಮೇವಿನ ಹೊರೆ ಹೊತ್ತು ಬಂದಿದ್ದವನ ಕುಡುಗೋಲು ಕಸಿದುಕೊಂಡು, ಕೊರಳಿನಿಂದ ಎದೆಯವರೆಗೆ ಒಂದೇ ಎಳೆತಕ್ಕೆ ಬಟ್ಟೆ ಸೀಳಿದಳು. ನನ್ನ ಅಕ್ಷರಗಳ ನಡುವೆಯೇ ಹಾದು ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ರುದ್ರಪ್ಪ ಕೆಮ್ಮಿದ, ನದಿಯ ಕೆಂಪು ನೀರು ಕಾರಿದ, ಕಣ್ಣು ಬಿಟ್ಟ.

"ಅಂಗಿ ಹರದ್ಯಾ, ಯವ್ವಾ?" ಎಂದ.

"ಅಂಗಿ ಹರದೇನಿ, ನಿನ್ನ ಉಳಿಸೇನಿ, ಮೂಳಾ. ಎರಡೂ ಬೇಕಾಗಿತ್ತೇನು?" ಎಂದು ಗಂಗವ್ವ ಅವನ ಬೆನ್ನಿಗೆ ಗುದ್ದಿದಳು. ಗುದ್ದುತ್ತ ಅಳುತ್ತಿದ್ದಳು.

ಯಾರೂ ನನ್ನನ್ನು ಬೈಯಲಿಲ್ಲ. ಸೆಳವು ಜೋರಿತ್ತು ಎಂದರು. ಮಾಸ್ತರ್ರು ನನ್ನನ್ನು ಬಸ್ಸಿಗೆ ಬಿಡುತ್ತ, "ನಿಮ್ಮ ಹೊಲಗಿ ಮಾತ್ರ ಅಗದೀ ಗಟ್ಟಿ ಐತ್ರಿ," ಎಂದರು. ವ್ಯಂಗ್ಯವೇನೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಬೆಳಗಾವಿಯ ಮಹಾಂತೇಶ ನಗರದ ನನ್ನ ಬಾಡಿಗೆ ಮನೆಯ ಬಾಜುವಿಗೆ ಒಂದು ಕಿರಾಣಿ ಅಂಗಡಿ. ಮರುದಿನ ಅದೇ ದಪ್ಪ ಬಟ್ಟೆಯ ಒಂದು ಟೀ-ಶರ್ಟನ್ನು ಬಕೀಟಿನಲ್ಲಿ ಅದ್ದಿ, ಹಿಂಡದೆ ತೆಗೆದುಕೊಂಡು ಹೋಗಿ ಅಲ್ಲಿನ ತಕ್ಕಡಿಯಲ್ಲಿಟ್ಟೆ. "ಇನ್ನ ಮ್ಯಾಲೆ ಅಂಗಿ ಕಿಲೋದ ಲೆಕ್ಕದಾಗ ಮಾರ್ತೀರೇನ್ರಿ?" ಎಂದ ಅಂಗಡಿಯವ. ಒಣಗಿದ್ದಾಗ ಕಾಲು ಕಿಲೋಗೆ ಹತ್ತಿರ ತೂಗುತ್ತಿದ್ದ ಬಟ್ಟೆ ಈಗ ಮುಕ್ಕಾಲು ಕಿಲೋದ ಕಲ್ಲುಗಳನ್ನು ಎತ್ತಿ ಕೂತಿತು. ನೀರಿನೊಳಗಿರುವಾಗ ಈ ತೂಕ ತಿಳಿಯುವುದಿಲ್ಲ, ನಿಜ. ಆದರೆ ಈಜುವವನು ಪ್ರತಿಸಲ ಕೈಯನ್ನು ನೀರಿನಿಂದ ಹೊರಗೆ ಎತ್ತಬೇಕು. ಪ್ರತಿಸಲವೂ ಎತ್ತಬೇಕು. ಗಂಗವ್ವನಿಗೆ ಎಂದೋ ಗೊತ್ತಿದ್ದದ್ದನ್ನು ತಿಳಿಯಲು ನನಗೆ ತಕ್ಕಡಿ ಬೇಕಾಯಿತು.

ಅಂದಿನಿಂದ ಮಳೆಗಾಲದ ಗಿರಾಕಿ ಬಂದರೆ ಬರೀ ತಿಂಗಳು ಕೇಳಿ ಹಲಗೆ ತೋರಿಸುವುದನ್ನು ಬಿಟ್ಟೆ. ಎಲ್ಲಿಗೆ, ಏನು ಕೆಲಸ, ನೀರಿದೆಯೇ, ಗಾಳಿಯಲ್ಲಿ ನಿಲ್ಲಬೇಕೇ ಎಂದು ಪೊಲೀಸರ ಹಾಗೆ ಕೇಳುತ್ತಿದ್ದೆ. ಟೀ-ಶರ್ಟನ್ನು ತೋಯಿಸಿ, ಹಾಕಿಸಿ, ನೀವೇ ಬಿಚ್ಚಿ ತೋರಿಸಿ ಎನ್ನುತ್ತಿದ್ದೆ. ಕೆಲವರು ನಕ್ಕರು, ಕೆಲವರು ಬೇರೆ ಅಂಗಡಿಗೆ ಹೋದರು. ಹೋದವರ ಬಗ್ಗೆಯೂ ಹೆದರಿದೆ. ಆದರೆ ಯಾಕೆ ಈ ಹೆದರಿಕೆ ಎಂದು ಯಾರಿಗೂ ಹೇಳಲಿಲ್ಲ. ಅಕ್ಷರದ ಆಸೆಗೆ ಒಬ್ಬನ ಉಸಿರು ಒತ್ತೆಯಿಟ್ಟೆ ಎಂದು ಹೇಳುವುದು ಹೇಗೆ?

ಚಳಿ ಶುರುವಾಗುವ ಹೊತ್ತಿಗೆ ರುದ್ರಪ್ಪನೇ ಅಂಗಡಿಗೆ ಬಂದ. ಅವನ ನೆರಳು ಹೊಸ್ತಿಲ ಮೇಲೆ ಬಿದ್ದಾಗ ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಬದಿಗಿಟ್ಟೆ.

"ಬರ್ರಿ, ಕುಂದರ್ರಿ," ಎಂದೆ.

"ಅಂಥಾದ್ದ ಒಂದು ಕೊಡ್ರಿ. ಹರದು ಹೋತಲ್ಲ. ಮುಂಜಾನೆ ಕಬ್ಬಿಗೆ ನೀರ ಹಾಯ್ಸಾಕ ಹೋಗೂಮುಂದ ಭಾಳ ಥಂಡಿ."

ಮೇಲಿನ ಹಲಗೆಗೆ ಕೈ ಹೋಗಲಿಲ್ಲ. ಇಂದು ಹೇಳದಿದ್ದರೆ ಎಂದೂ ಇಲ್ಲ ಎನಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಮಾಸ್ತರ್ರು ತೆಳುವಾದದ್ದು ಕೇಳಿದ್ದು, ನಾನು ದಪ್ಪದ್ದು ದಾಟಿಸಿದ್ದು, ಥಂಡಿಯ ನೆವ, ಅಕ್ಷರದ ಆಸೆ, ಒಂದೂ ಬಿಡದೆ. ರುದ್ರಪ್ಪ ಎದ್ದು ನಿಂತ. ಹೊಡೆಯಬಹುದು ಎಂದುಕೊಂಡೆ. ಹೊಡೆದರೆ ಹಗುರಾಗುತ್ತಿತ್ತು.

"ನಂದೂ ಒಂದೈತ್ರಿ," ಎಂದ. "ನೀರಿಗಿ ಇಳಿಯೂಮುಂದ ಮಾಸ್ತರ್ರು ಅಂಗಿ ತಗೀಲೇ ಅಂತ ಒದರಿದ್ರು. ನನಗ ಕೇಳಿಸಿತ್ತು. ಫೋಟೋದಾಗ ಅಕ್ಷರ ಚಂದ ಕಾಣ್ತಾವ ಅಂತ ತಗೀಲಿಲ್ಲ. ಆಮ್ಯಾಲೆ ಕೇಳಿಸಲಿಲ್ಲ ಅಂತ ಸುಳ್ಳ ಹೇಳಿದೆ. ಮಾಸ್ತರ್ರ ಮುಖಾ ನೋಡಾಕ ಅಂಜಿಕಿ ಬರ್ತೈತಿ."

ಆಮೇಲೆ ಅವನೇ, "ನಡೀರಿ, ಇಬ್ರೂ ಹೋಗಿ ಹೇಳೂಣು. ಒಬ್ಬನ್ನ ಬೈಯೂಕಿಂತ ಇಬ್ರನ್ನ ಬೈದ್ರ ಪಾಲು ಕಡಿಮಿ ಬರ್ತೈತಿ," ಎಂದ. ಅಂಗಡಿಗೆ ಬೀಗ ಹಾಕಿದೆ.

ಖಾನಾಪುರದ ಸಾಲೆಯ ಅಂಗಳದಲ್ಲಿ ಮಾಸ್ತರ್ರ ಮುಂದೆ ನಾವಿಬ್ಬರು, ತಲೆ ನೆರೆಯಲು ಶುರುವಾದ ನಾನು ಮತ್ತು ಮೀಸೆಯ ರುದ್ರಪ್ಪ, ಪಾಠ ಒಪ್ಪಿಸುವವರ ಹಾಗೆ ಕೈಕಟ್ಟಿ ನಿಂತೆವು. ಮೊದಲು ನಾನು ಹೇಳಿದೆ. ಆಮೇಲೆ ಅವನು. ಇಬ್ಬರದೂ ಮುಗಿದ ಮೇಲೆ ಮಾಸ್ತರ್ರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು.

"ಹಗ್ಗ ಯಾರ ಕಟ್ಟಿದ್ದು?" ಎಂದರು. "ಅಂಗಿ ಮ್ಯಾಲೆ, ಈ ನನ್ನ ಕೈಲೆ, ಎರಡು ಗಂಟ. ಅಂಗಿ ತಗೀ ಅಂತ ಒದರಿದ್ದು ಕಟ್ಟಿದ ಮ್ಯಾಲೆ. ಅಂಗಿ ಒಳಗ ಕಟ್ಟಬೇಕು ಅಂತ ಸಣ್ಣ ಹುಡುಗರಿಗಿ ಕಲಸಾಂವ ನಾನು. ನೀವು ಯಾರರ ಒಬ್ರು ಹಗ್ಗದ ಮಾತ ಎತ್ತತೀರಿ ಅಂತ ನಾಕು ತಿಂಗಳಾತು ಕಾಯಾಕತ್ತೇನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದೇ ಬೆಳಗಿನ ಸಂಗತಿಯನ್ನು ಒಬ್ಬೊಬ್ಬರೂ ಪೂರ್ತಿ ತನ್ನದೇ ಎಂದು ಹೊತ್ತು ತಿರುಗಿದ್ದೆವು. ಈಗ ಹಂಚಿಕೊಂಡರೆ ಹೆದರಿಕೆ ಹೋಗುತ್ತದೆಂದು ನಾನು ಎಣಿಸಿದ್ದೆ. ಹೋಗಲಿಲ್ಲ. ಈಗಲೂ ಹೋಗಿಲ್ಲ, ಹೋಗುವುದು ನನಗೆ ಬೇಕಾಗಿಯೂ ಇಲ್ಲ. ಮಾಸ್ತರ್ರಿಗೆ ಅದನ್ನು ಹೇಳಿದೆ. ಅವರು ಅಂದು ಮೊದಲ ಸಲ ನಕ್ಕರು.

"ಇರ್ಲಿ ಬಿಡ್ರಿ. ನದಿ ದಂಡಿ ಊರಿನವ್ರು ಹೆದರಬೇಕು," ಎಂದರು. "ಖರೇ, ಒಬ್ಬೊಬ್ರ ಮೂಲ್ಯಾಗ ನಿಂತು ಬ್ಯಾಡ. ಹೆದರೂದಾದ್ರ ಸಾಲಾಗಿ ನಿಂತು ಹೆದರೂಣು."