ಗೂಳಪ್ಪ ಉಣ್ಣೆ ಸುತ್ತಿದ ದೂರದರ್ಶಕ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಹಬೆ ಪೈಪುಗಳ ನಕ್ಷೆ ಬರೆಯುತ್ತಿದ್ದ ಗೂಳಪ್ಪನಿಗೆ ಆಕಾಶದ ಹುಚ್ಚು. ಅಂತಿಂಥ ಹುಚ್ಚಲ್ಲ. ಕಣ್ಣಿಗೆ ಕಾಣುವ ನಕ್ಷತ್ರ ಅವನಿಗೆ ಬೇಡ, ಧೂಳಿನ ಮೋಡದೊಳಗೆ ಅಡಗಿ ಬರೀ ಕಾವು ಸೂಸುವ ನಕ್ಷತ್ರಗಳೇ ಬೇಕು. ಆ ಕಾವಿನ ಅವಕೆಂಪು ಕಿರಣ ಹಿಡಿಯುವ ದೂರದರ್ಶಕ ಬಾಹ್ಯಾಕಾಶದಲ್ಲಿರಬೇಕು, ಅದೂ ತಣ್ಣಗಿರಬೇಕು. ಇಲ್ಲದಿದ್ದರೆ ತನ್ನ ಮೈಕಾವನ್ನೇ ನೋಡಿಕೊಂಡು ಕೂರುತ್ತದೆ.

೧೯೮೪ರಲ್ಲಿ ಧಾರವಾಡದ ವಿಜ್ಞಾನ ಸಂಘವೊಂದು ಉಪಗ್ರಹದ ಯೋಜನೆಗಳನ್ನು ಕರೆಯಿತು. ಆರಿಸಿದ ಒಂದು ಯೋಜನೆ ಬೆಂಗಳೂರಿನ ವಿಜ್ಞಾನಿಗಳ ಮುಂದೆ ಹೋಗುವುದಿತ್ತು. ತೂಕಕ್ಕೆ ಮಾತ್ರ ಮಿತಿ. ಗೂಳಪ್ಪ ಆಕಾಶದ ದೊಡ್ಡ ಹರವನ್ನು ಒಂದೇ ನೋಟಕ್ಕೆ ಹಿಡಿಯುವ ಅಗಲ ಕನ್ನಡಿ ಬರೆದ. ಅದು ಮಿತಿಯೊಳಗೆ ಕೂತಿತು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಹಿಂದಿನ ವರ್ಷ ಹೊರದೇಶದವರು ಹಾರಿಸಿದ ಇಂಥದೇ ದೂರದರ್ಶಕ, ಒಳಗಿನ ತಂಪಿನ ದ್ರವ ತಿಂಗಳುಗಳಲ್ಲೇ ತೀರಿ ಕುರುಡಾಗಿದ್ದನ್ನು ಪತ್ರಿಕೆಯಲ್ಲಿ ಓದಿದ.

"ಸುತ್ತಿಲ್ಲ ಅವರು! ತಂಪು ಸೋರಿ ಹೋಗೇತಿ!" ಎಂದು ಹಾರಾಡಿದ.

ಬದುಕಿಡೀ ಹಬೆ ಪೈಪಿಗೆ ಗಾಜಿನ ಉಣ್ಣೆ ಸುತ್ತಿಸಿದವನು. ಬರಿಮೈಯ ಪೈಪು ಕಂಡರೆ ಅವನ ಮೈ ಉರಿಯುತ್ತಿತ್ತು. ದೂರದರ್ಶಕಕ್ಕೂ ಗೇಣು ದಪ್ಪ ಉಣ್ಣೆ, ಮೇಲೆ ತಗಡು ಬರೆದ. ತೂಕ ಮಿತಿ ಮೀರಿತು. ಉಣ್ಣೆ ಬಿಡಲು ಮನಸ್ಸಾಗದೆ ಕನ್ನಡಿಯನ್ನೇ ಕಿರಿದು ಮಾಡಿದ. ಅಗಲ ಕನ್ನಡಿಯ ಗೆರೆಗಳನ್ನು ಒಂದೊಂದಾಗಿ ಅಳಿಸಿದ.

"ಎಲ್ಲಾ ನೋಡ್ತೇನಿ ಅಂತಿದ್ರಿ, ಈಗ ಕಿಂಡ್ಯಾಗ ಹಣಿಕಿ ಹಾಕ್ತೀರೇನು?" ಎಂದು ಹೆಂಡತಿ ಶಂಕ್ರೆವ್ವ ಕೇಳಿದಳು.

"ನಿನಗೇನ್ ತಿಳೀತೈತಿ, ಸುಮ್ನಿರು."

ಯೋಜನೆ ಕೊಡುವ ಕಡೆಯ ದಿನ ಬಸ್ಸು ಹತ್ತಿ ಧಾರವಾಡಕ್ಕೆ ಹೋದ. ಆರಿಸುವವರು ಕಾಲೇಜಿನ ಅಧ್ಯಾಪಕ ಕರಿಬಸಪ್ಪನವರು. ನಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು.

"ಗೂಳಪ್ಪನವರ, ಅಲ್ಲಿ ಗಾಳಿ ಐತೇನ್ರಿ?"

"ಇಲ್ಲರಿ."

"ಉಣ್ಣಿ ತಡಿಯೂದು ಗಾಳಿ ಹೊತ್ತು ತರೋ ಕಾವನ್ನ. ಗಾಳಿನ ಇಲ್ಲಂದ್ರ ಇಷ್ಟು ಉಣ್ಣಿ ಯಾಕ್ರಿ? ಬಿಸಲಿನ ಕಡೆ ಹೊಳೆಯೋ ತೆಳ್ಳನ ಪರದೆ ಹಿಡದು, ಉಳಿದ ಮೈ ಬರೇ ಬಿಟ್ಟಿದ್ರ ಯಂತ್ರದ ಕಾವು ತಾನ ಕತ್ತಲಿಗೆ ಹೋಗತಿತ್ತು. ನೀವು ಅದನ್ನ ಒಳಗ ಕೂಡಿ ಹಾಕೀರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೂಳಪ್ಪ ತೊದಲಿದ.

"ಉಣ್ಣಿ ತಗದು ನಾಳೆ ತರ್ತೇನ್ರಿ. ಕನ್ನಡಿನೂ ಅಗಲ ಮಾಡ್ತೇನಿ."

"ಇವತ್ತ ಮುಗೀತ್ರಿ. ಕನ್ನಡಿ ಅಗಲ ಇದ್ದಿದ್ರ ಉಣ್ಣಿ ನಾವ ತಗಸ್ತಿದ್ವಿ. ಇಷ್ಟು ಸಣ್ಣ ನೋಟ ಯಾರಿಗೆ ಬೇಕು?"

ತಿರುಗಿ ಬರುವ ಬಸ್ಸಿನಲ್ಲಿ, ಹಳಿಯಾಳ ದಾಟಿ ಊರು ಮುಟ್ಟುವವರೆಗೆ ಗೂಳಪ್ಪ ತನ್ನನ್ನೇ ಗಟ್ಟಿಯಾಗಿ ಬೈದುಕೊಂಡ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

"ಏನಂದ್ರು?" ಎಂದಳು ಶಂಕ್ರೆವ್ವ, ಬಾಗಿಲಲ್ಲೇ.

"ಮೊದಲ ಬರದದ್ದು ಸರಿ ಇತ್ತಂತ," ಎಂದು ಗೂಳಪ್ಪ ಹೊಸ್ತಿಲ ಮೇಲೆ ಕೂತ. "ಅದನ್ನ ನಾನ ಅಳಿಸಿದ್ನಲ್ಲ, ಶಂಕ್ರಿ."