ಬೆರಳ ಸಂದಿಯ ಬಿಳಿ ಚುಕ್ಕೆ

ನಾನು ನಿಂತಿದ್ದದ್ದು ಕದ್ರಿಯಲ್ಲಿ, ನಮ್ಮ ಬಾಡಿಗೆ ಮನೆಯ ಜಗಲಿಯ ಪೂರ್ವದ ಮೂಲೆಯಲ್ಲಿ, ಮಗಳ ಮೊಣಕೈ ಹಿಡಿದುಕೊಂಡು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದ ಮೇಲಿನ ಭಾನುವಾರ, ಬೆಳಗ್ಗೆ ಹತ್ತೂವರೆ. ಹೆಂಡತಿ ಕರೆದಿದ್ದರಿಂದ ಪಕ್ಕದ ಮನೆಯ ನರ್ಸಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದರು. ಹಾಗಾಗಿ ಗಂಟೆ ನನಗೆ ಖಚಿತ.

ಮಗಳಿಗೆ ಐದು ವರ್ಷ. ಒಂದೂವರೆ ತಿಂಗಳಿಂದ ತುರಿಕೆ. ಬೆರಳುಗಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳಿನ ಸುತ್ತ ಸಣ್ಣ ಗುಳ್ಳೆಗಳು. ಕೆರೆದು ಕೆರೆದು ಎರಡು ಕಡೆ ಕೀವಾಗಿತ್ತು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನನ್ನ ಅತ್ತೆ ಅದನ್ನು ನಾಗನ ಮುನಿಸು ಎಂದು ನಿರ್ಣಯಿಸಿದ್ದರು. ನಾಗಬನದಲ್ಲಿ ಹಾಲೆರೆದು ತಂಬಿಲ ಸೇವೆ ಆಗುವವರೆಗೆ ಸಾಬೂನು ಬೇಡ, ಅರಸಿನ ಸಾಕು. ಹಬ್ಬದ ನಂತರ ಮಗಳ ಚಾಪೆ ಬೇರೆ, ಬಟ್ಟಲು ಬೇರೆ ಆಗಿತ್ತು. ಒಳಗೆ ತೊಟ್ಟಿಲಲ್ಲಿ ಎರಡು ತಿಂಗಳ ಕೂಸು. ಅದಕ್ಕೆ ತಾಗಬಾರದೆಂದು ಸೋಮವಾರದ ಬಸ್ಸಿನಲ್ಲಿ ಮಗಳನ್ನು ಊರಿಗೆ, ದೊಡ್ಡಮ್ಮನ ಮನೆಗೆ ಕಳುಹಿಸುವುದೆಂದು ತೀರ್ಮಾನವಾಗಿತ್ತು. ಕೂಸಿಗೆ ವರ್ಷ ತುಂಬುವವರೆಗೆ. ಅವಳ ಬಟ್ಟೆಯ ಗಂಟು ಬಾಗಿಲ ಬಳಿ ಇತ್ತು. ಅವಳು ಆ ಕಡೆ ನೋಡುತ್ತಿರಲಿಲ್ಲ.

ನರ್ಸಮ್ಮ ಅವಳ ಕೈಯನ್ನು ಬಿಸಿಲಿಗೆ ಹಿಡಿದರು. ಬೆರಳ ಸಂದಿಯಲ್ಲಿ ಪೆನ್ಸಿಲ್ ಗೀಚಿದಂಥ ಬೂದು ಗೆರೆ, ಅಕ್ಕಿಕಾಳಿನಷ್ಟು ಉದ್ದ, ಸ್ವಲ್ಪ ಡೊಂಕು.

"ಇದು ಎಂತ ಗೊತ್ತುಂಟಾ?"

"ಗೀರು," ಎಂದೆ.

"ಗೀರಲ್ಲ ಮಾರಾಯ್ರೆ, ದಾರಿ. ತುದಿಯಲ್ಲಿ ಒಬ್ಬ ಬಿಡಾರ ಹೂಡಿದ್ದಾನೆ."

ಸೂಜಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಗೆರೆಯ ಕೊನೆಯನ್ನು ಮೆಲ್ಲನೆ ಮೀಟಿದರು. ಮಗಳು ಅಳಲಿಲ್ಲ. ಸೂಜಿಯ ತುದಿಗೆ ಬಂದದ್ದನ್ನು ಅವಳ ಸ್ಲೇಟಿನ ಮೇಲಿಟ್ಟರು. ಬಿಳಿ ಚುಕ್ಕೆ, ಸಾಸಿವೆಯ ಕಾಲು ಭಾಗವೂ ಇಲ್ಲ. ನಾನು ಬಂದರಿನ ಗೋದಾಮಿನಲ್ಲಿ ಗುಮಾಸ್ತ. ಏಲಕ್ಕಿಯ ಮಾದರಿ ನೋಡುವ ಭೂತಗನ್ನಡಿ ನನ್ನಲ್ಲಿತ್ತು. ಅದನ್ನು ಚುಕ್ಕೆಯ ಮೇಲೆ ಹಿಡಿದೆ.

ಚುಕ್ಕೆ ನಡೆಯಿತು.

ಕಂಡಷ್ಟನ್ನೇ ಬರೆಯುತ್ತೇನೆ. ಎಡದಿಂದ ಬಲಕ್ಕೆ ಕೂದಲೆಳೆಯಷ್ಟು ಸರಿಯಿತು, ನಿಂತಿತು, ಮತ್ತೆ ಸರಿಯಿತು. ಒಂದೂವರೆ ತಿಂಗಳು ನಮ್ಮನ್ನು ಹೆದರಿಸಿದ್ದಕ್ಕೆ ಕಾಲುಗಳಿದ್ದವು. ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದು ನೋಡಿದಳು. ಮಗಳು ಕನ್ನಡಿ ಕಿತ್ತುಕೊಂಡಳು.

"ಇಷ್ಟು ಸಣ್ಣದಾ? ಇದಕ್ಕೆ ಹೆದರಿ ನನ್ನನ್ನು ಊರಿಗೆ ಕಳಿಸುವುದಾ?"

"ಕಜ್ಜಿ ಹುಳ," ಎಂದರು ನರ್ಸಮ್ಮ. "ಮೈಗೆ ಮೈ ತಾಗಿ ಬರ್ತದೆ. ಚಾಪೆ ಬೇರೆ ಮಾಡುವ ಮೊದಲು ಯಾರೊಟ್ಟಿಗೆ ಮಲಗ್ತಿದ್ದಿ ನೀನು?"

"ಅಜ್ಜಿಯೊಟ್ಟಿಗೆ."

"ಕೂಸನ್ನು ಮೀಯಿಸುವುದು ಯಾರು?"

ಅದೂ ಅತ್ತೆಯೇ. ದಿನವೂ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಮೀಯಿಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ಕಂಡೆ.

"ತೋರಿಸಿ ಅಮ್ಮ."

"ನನ್ನದು ಮುದಿ ಚರ್ಮ ನರ್ಸ್ ಬಾಯಮ್ಮ, ಒಣಗಿ ತುರಿಸ್ತದೆ. ನೋಡ್ಲಿಕ್ಕೆ ಎಂತ ಉಂಟು?"

"ಹುಳ ವಯಸ್ಸು ಕೇಳುವುದಿಲ್ಲ."

ಮಣಿಕಟ್ಟಿನಲ್ಲಿ ಅದೇ ಬೂದು ಗೆರೆ, ಮೂರು. ಕೂಸಿನ ಅಂಗಾಲಿನಲ್ಲೂ ಆಗಲೇ ಗುಳ್ಳೆಗಳಿದ್ದವು. ಹೆಂಡತಿ ಬೆವರುಸಾಲೆ ಎಂದುಕೊಂಡಿದ್ದಳು. ನನ್ನ ಸೊಂಟದಲ್ಲೂ ಇದ್ದವು. ನಾನು ಯಾರಿಗೂ ಹೇಳಿರಲಿಲ್ಲ.

ಅತ್ತೆ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಹಾಗಾದ್ರೆ ನಾವೆಲ್ಲ ಬಸ್ಸು ಹತ್ಬೇಕು," ಎಂದವರೇ ಗಂಟನ್ನು ತಾವೇ ಒಳಗೆ ಒಯ್ದರು. ತಂಬಿಲವನ್ನು ಮಾತ್ರ ಬಿಡಲಿಲ್ಲ. ಅದು ಬೇರೆ ಎಂದರು.

ಸೋಮವಾರ ಬಸ್ಸಿನ ಹೊತ್ತಿಗೆ ಮಗಳು ಆಸ್ಪತ್ರೆಯ ಸಾಲಿನಲ್ಲಿದ್ದಳು, ಮುಂದಿದ್ದವರ ಕೈಗಳನ್ನೆಲ್ಲ ಬಗ್ಗಿ ನೋಡುತ್ತ. ಹಾಲಿನಂಥ ಔಷಧವನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ, ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಂಡೆವು. ಕೂಸಿಗೆ ಡಾಕ್ಟರರು ಗಂಧಕದ ಮುಲಾಮು ಕೊಟ್ಟರು, ಮಗಳ ಕೀವಿಗೆ ಬೇರೆ ಮದ್ದು. ಬಟ್ಟೆಗಳು ಹಂಡೆಯಲ್ಲಿ ಕುದಿದವು. ಹುಳ ಸತ್ತರೂ ತುರಿಕೆ ಎರಡು ಮೂರು ವಾರ ಉಳಿಯುತ್ತದೆ, ಗಾಬರಿಯಾಗಿ ಮತ್ತೆ ಮತ್ತೆ ಔಷಧ ಬಳಿಯಬೇಡಿ ಎಂದು ನರ್ಸಮ್ಮ ಎಚ್ಚರಿಸಿದ್ದರು. ಹಾಗೆಯೇ ಆಯಿತು, ಆಮೇಲೆ ನಿಂತಿತು.

ನರ್ಸಮ್ಮ ಈಗಿಲ್ಲ. ಅತ್ತೆಯೂ ಇಲ್ಲ. ಆ ಚುಕ್ಕೆ ನಡೆದದ್ದನ್ನು ಕಂಡವರಲ್ಲಿ ನಾನಲ್ಲದೆ ಇಬ್ಬರು ಬದುಕಿದ್ದಾರೆ: ನನ್ನ ಹೆಂಡತಿ, ನನ್ನ ಮಗಳು. ತೊಟ್ಟಿಲಲ್ಲಿದ್ದವನನ್ನು ಸೇರಿಸಿಲ್ಲ, ಅವನು ನಿದ್ದೆಯಲ್ಲಿದ್ದ.