ನೀಲಿ ಮೇಜು

ಹಳೆಯ ಮೇಜು, ಕಪಾಟು ಕೊಂಡು, ಉಜ್ಜಿ, ಬಣ್ಣ ಬಳಿದು ಶಹಾಪುರದಲ್ಲಿ ಮಾರುವುದು ನನ್ನ ಕಸುಬು. ಸುರಪುರದಿಂದ ತಂದ ಮೇಜೊಂದರ ಹಸಿರು ಬಣ್ಣ ಕೆರೆದಾಗ ಕೆಳಗೆ ನೀಲಿ ಕಂಡಿತು. ಚಿಕ್ಕಂದಿನಲ್ಲಿ ನಾನು ಓದಿದ್ದು ನೀಲಿ ಮೇಜಿನ ಮೇಲೆಯೇ. ಅಪ್ಪ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಇದು ಅದೇ ಎನಿಸಿ, ಕೊಳ್ಳಲು ಬಂದ ಗೋಗಿ ಊರಿನ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದೆ. ಆದರೂ ವಿಶ್ವವಿದ್ಯಾಲಯದಲ್ಲಿ ಓದುವಾಗ ಹತ್ತಿದ ಸಂಶಯದ ಚಟ ಬಿಡಲಿಲ್ಲ; ಸಾಕ್ಷಿಗೆಂದು ಅವ್ವನನ್ನು ಅಂಗಡಿಗೆ ಕರೆತಂದೆ.

“ನಮ್ಮ ಮನ್ಯಾಗ ಟೇಬಲ್ ಎಲ್ಲಿತ್ತೋ ಶ್ಯಾಣ್ಯಾ? ನೀ ಓದಿದ್ದು ಜ್ವಾಳದ ಡಬ್ಬಿ ಮ್ಯಾಲ. ಡಬ್ಬಿ ನೀಲಿ ಇತ್ತು, ಅಷ್ಟ ಖರೆ.”

ಅವ್ವನ ನೆನಪನ್ನಾದರೂ ಹೇಗೆ ನಂಬುವುದು ಎಂದುಕೊಳ್ಳುತ್ತಲೇ ಮೇಜಿಗೆ ಮತ್ತೆ ಹಸಿರು ಬಳಿದೆ. ಗೋಗಿಯ ಗಿರಾಕಿ ಮರಳಿ ಬಂದು, “ಯಾರ ಮನೀದ್ರಿ ಇದು?” ಎಂದ.

“ನಮ್ಮ ಮನೀದ್ರಿ,” ಎಂದೆ. ಪುಣ್ಯಕ್ಕೆ ಅವ್ವ ಅಲ್ಲಿರಲಿಲ್ಲ.